ಚಳಿಯ ನಾಡಿನಲ್ಲಿ ಅನಾನಸ್ ಹಣ್ಣಾದ ಬಗೆ: ಬ್ರಿಟನ್ನಿನ ಎಸ್ಟೇಟುಗಳ ಹಳೆಯ ಗಾಜಿನ ಮನೆಗಳು

ಡಿಸೆಂಬರ್ ತಿಂಗಳ ಕೊನೆಯಲ್ಲಿ ಇಂಗ್ಲೆಂಡಿನ ಮಧ್ಯಭಾಗದ ಸೂರ್ಯ ನಡುಹಗಲಿನಲ್ಲೂ ದಿಗಂತದಿಂದ 15 ಡಿಗ್ರಿಯಷ್ಟು ಮಾತ್ರ ಮೇಲೇರಿರುತ್ತಾನೆ. ಅದೇ ದಿನಗಳಲ್ಲಿ ಬೆಂಗಳೂರಿನ ಮಧ್ಯಾಹ್ನದ ಸೂರ್ಯ 50 ಡಿಗ್ರಿಗೂ ಮೇಲಿರುತ್ತಾನೆ. ಇಂಗ್ಲೆಂಡಿನಲ್ಲಿ ಆಗ ಹಗಲು ಎಂಟು ಗಂಟೆಗಿಂತಲೂ ಕಡಿಮೆ. ರಾತ್ರಿಯ ಹಿಮಕ್ಕೆ ಮಣ್ಣಿನ ಮೇಲ್ಪದರ ಗಟ್ಟಿಯಾಗುತ್ತದೆ. ಇಂಥ ನೆಲದಲ್ಲಿ 18ನೆಯ ಶತಮಾನದ ಆರಂಭದಿಂದ ಮೊದಲ ಮಹಾಯುದ್ಧದವರೆಗೆ, ಹಳ್ಳಿಗಾಡಿನ ಸಿರಿವಂತ ಮನೆತನಗಳ ಎಸ್ಟೇಟುಗಳಲ್ಲಿ ಅನಾನಸ್ ಹಣ್ಣಾಗುತ್ತಿತ್ತು, ವಸಂತ ಕಾಲಿಡುವ ಮೊದಲೇ ಸ್ಟ್ರಾಬೆರಿ ಊಟದ ಮೇಜಿಗೆ ಬರುತ್ತಿತ್ತು, ಹಿಂದಿನ ಶರತ್ಕಾಲದಲ್ಲಿ ಕೊಯ್ದ ದ್ರಾಕ್ಷಿ ಮುಂದಿನ ವಸಂತದವರೆಗೂ ತಾಜಾ ಆಗಿರುತ್ತಿತ್ತು. ವಿದ್ಯುತ್ತೂ ಪ್ಲಾಸ್ಟಿಕ್ ಹಾಳೆಯೂ ಇಲ್ಲದ ಕಾಲದಲ್ಲಿ ಇದು ಸಾಧ್ಯವಾದದ್ದು ಹೇಗೆ ಎಂದು ಕೇಳಿದರೆ ಸಾಮಾನ್ಯವಾಗಿ ಸಿಗುವ ಉತ್ತರ ‘ಗಾಜಿನ ಮನೆಯಿಂದ’ ಎಂಬುದು. ಆ ಉತ್ತರ ಅರ್ಧದಷ್ಟೇ ಸರಿ. ಗಾಜಿನ ಮನೆಯ ಹಿಂದೆ ಒಂದು ಗೋಡೆಯಿತ್ತು, ಗೋಡೆಯ ಹಿಂದೆ ಒಂದು ಒಲೆಯಿತ್ತು, ಒಲೆಯ ಪಕ್ಕದಲ್ಲಿ ರಾತ್ರಿಯಿಡೀ ಎಚ್ಚರವಾಗಿರಬೇಕಾದ ಒಬ್ಬ ಹುಡುಗನಿದ್ದ. ಈ ಇಡೀ ವ್ಯವಸ್ಥೆಯನ್ನು ಶಾಖದ ಲೆಕ್ಕಾಚಾರವಾಗಿ, ಅಂದರೆ ಶಾಖ ಎಲ್ಲಿಂದ ಬಂತು, ಎಲ್ಲಿ ನಿಂತಿತು, ಎಲ್ಲಿಂದ ಸೋರಿತು ಎಂಬ ಪ್ರಶ್ನೆಗಳ ಮೂಲಕ ನೋಡಿದಾಗ ಮಾತ್ರ ಅದರ ಒಂದೊಂದು ಭಾಗವೂ ಅರ್ಥವಾಗುತ್ತದೆ ಎಂಬುದು ನನ್ನ ನಂಬಿಕೆ.

ಮೊದಲು ಗೋಡೆಯ ವಿಚಾರ. ಅಡುಗೆಮನೆಗೆ ಬೇಕಾದ ತರಕಾರಿ ಹಣ್ಣುಗಳನ್ನು ಬೆಳೆಯುವ ಈ ತೋಟಗಳು ಒಂದೆರಡು ಎಕರೆಯಿಂದ ಹಿಡಿದು ಕೆಲವು ಕಡೆ ಏಳೆಂಟು ಎಕರೆಯವರೆಗೂ ಹರಡಿಕೊಂಡಿದ್ದವು. ಸುತ್ತಲೂ ಹತ್ತು ಹನ್ನೆರಡು ಅಡಿ ಎತ್ತರದ, ಕೆಲವೊಮ್ಮೆ ಅದಕ್ಕೂ ಎತ್ತರದ ಗೋಡೆ. ಕಳ್ಳರನ್ನೂ ಮೊಲ ಜಿಂಕೆಗಳನ್ನೂ ತಡೆಯುವುದು ಅದರ ಒಂದು ಕೆಲಸವಾಗಿತ್ತು, ನಿಜ. ಆದರೆ ಅದಕ್ಕಿಂತ ದೊಡ್ಡ ಕೆಲಸ ಗಾಳಿಯ ವೇಗವನ್ನು ಮುರಿಯುವುದು ಮತ್ತು ಬಿಸಿಲನ್ನು ಕೂಡಿಟ್ಟುಕೊಳ್ಳುವುದು. ಉತ್ತರ ಗೋಳಾರ್ಧದಲ್ಲಿ ಅಷ್ಟು ಮೇಲಿನ ಅಕ್ಷಾಂಶದಲ್ಲಿ ಸೂರ್ಯ ವರ್ಷವಿಡೀ ದಕ್ಷಿಣದ ಕಡೆಗೇ ವಾಲಿಕೊಂಡು ಸಾಗುವುದರಿಂದ, ತೋಟದ ಉತ್ತರದ ಅಂಚಿನಲ್ಲಿ ನಿಂತು ದಕ್ಷಿಣಕ್ಕೆ ಮುಖ ಮಾಡಿದ ಗೋಡೆಗೆ ಅತಿ ಹೆಚ್ಚು ಬಿಸಿಲು ಬೀಳುತ್ತದೆ. ದಪ್ಪ ಇಟ್ಟಿಗೆಯ ಆ ಗೋಡೆ ಹಗಲೆಲ್ಲ ಕಾದು, ರಾತ್ರಿ ನಿಧಾನವಾಗಿ ಆ ಶಾಖವನ್ನು ಹೊರಬಿಡುತ್ತದೆ. ಪೀಚ್, ಏಪ್ರಿಕಾಟ್, ಅಂಜೂರದಂಥ ಗಿಡಗಳನ್ನು ಗೋಡೆಗೆ ಒತ್ತಿ, ಕೊಂಬೆಗಳನ್ನು ಬೀಸಣಿಗೆಯ ಆಕಾರದಲ್ಲಿ ಹರಡಿ, ಮೊಳೆ ಹೊಡೆದು ಕಟ್ಟುತ್ತಿದ್ದುದು ಈ ಕಾರಣಕ್ಕೇ. ಕಲ್ಲು ಸುಲಭವಾಗಿ ಸಿಗುವ ಪ್ರದೇಶಗಳಲ್ಲೂ ಒಳಮೈಗೆ ಇಟ್ಟಿಗೆಯನ್ನೇ ಹಾಕಿದ ಗೋಡೆಗಳಿವೆ. ಇಟ್ಟಿಗೆಯ ಸಂದುಗಳಲ್ಲಿ ಮೊಳೆ ಸುಲಭವಾಗಿ ಇಳಿಯುತ್ತದೆ, ಮೈ ಬೇಗ ಒಣಗಿ ಬೆಚ್ಚಗಾಗುತ್ತದೆ.

ಗೋಡೆಯಷ್ಟೇ ಮುಖ್ಯವಾದದ್ದು ನೆಲದ ಇಳಿಜಾರು. ತಣ್ಣನೆಯ ಗಾಳಿ ಭಾರವಾದದ್ದರಿಂದ ರಾತ್ರಿಯಲ್ಲಿ ಅದು ನೀರಿನ ಹಾಗೆ ತಗ್ಗಿಗೆ ಹರಿಯುತ್ತದೆ. ನಾಲ್ಕೂ ಕಡೆ ಗೋಡೆಯಿರುವ ತೋಟದಲ್ಲಿ ಆ ಗಾಳಿಗೆ ದಾರಿ ಸಿಗದಿದ್ದರೆ ಅದು ಕೆಳಮೂಲೆಯಲ್ಲಿ ನಿಂತು ಅಲ್ಲಿನ ಗಿಡಗಳನ್ನು ಕೊಲ್ಲುತ್ತದೆ. ಆದ್ದರಿಂದ ಅನುಭವವುಳ್ಳವರು ದಕ್ಷಿಣಕ್ಕೆ ತುಸು ಇಳಿಜಾರಾದ ಜಾಗವನ್ನು ಆರಿಸಿ, ಕೆಳಗಿನ ಗೋಡೆಯಲ್ಲಿ ಕಬ್ಬಿಣದ ಸರಳುಗಳ ಗೇಟೊಂದನ್ನು ಇಡುತ್ತಿದ್ದರು. ಅದನ್ನು ಬರಿಯ ಅಲಂಕಾರವೆಂದು ತಿಳಿದು ಹಲಗೆ ಹೊಡೆದು ಮುಚ್ಚಿದರೆ ತೋಟದ ಹವೆಯೇ ಕೆಡುತ್ತದೆ.

ಬಿಸಿಲಿನ ಶಾಖ ಸಾಲದು ಎನಿಸಿದಾಗ ಗೋಡೆಯನ್ನೇ ಕಾಯಿಸುವ ಯೋಚನೆ ಬಂತು. 18ನೆಯ ಶತಮಾನದಲ್ಲಿ ಅನೇಕ ಕಡೆ ಗೋಡೆಯನ್ನು ಪೊಳ್ಳಾಗಿ ಕಟ್ಟಿ, ಒಳಗೆ ಹಾವಿನಂತೆ ತಿರುವುಗಳುಳ್ಳ ಹೊಗೆದಾರಿಯನ್ನು ಬಿಟ್ಟು, ಹಿಂಬದಿಯ ಬುಡದಲ್ಲಿ ಒಲೆಗಳನ್ನು ಇಡುತ್ತಿದ್ದರು. ಒಲೆಯ ಬಿಸಿ ಹೊಗೆ ಗೋಡೆಯೊಳಗೆ ಸುತ್ತಾಡಿ ಮೇಲಿನ ಚಿಮಣಿಯಿಂದ ಹೊರಹೋಗುವಷ್ಟರಲ್ಲಿ ಇಟ್ಟಿಗೆಗಳು ಬಿಸಿಯಾಗುತ್ತಿದ್ದವು. ವೂಸ್ಟರ್‌ಶೈರ್‌ನ ಕ್ರೂಮ್ ಎಸ್ಟೇಟಿನಲ್ಲಿ ಸುಮಾರು 1806ರಲ್ಲಿ ಕಟ್ಟಿದ, 13 ಅಡಿ ಎತ್ತರದ, ಐದು ಒಲೆಗಳಿರುವ ಇಂಥ ಗೋಡೆ ಈಗಲೂ ಇದೆ. ವರ್ಷವಿಡೀ ಉರಿಸುವುದು ಇದರ ಉದ್ದೇಶವಾಗಿರಲಿಲ್ಲ. ವಸಂತದಲ್ಲಿ ಪೀಚ್ ಗಿಡ ಹೂ ಬಿಟ್ಟಾಗ ಎರಗುವ ಹಿಮದಿಂದ ಹೂವನ್ನು ಉಳಿಸುವುದು ಮತ್ತು ಶರತ್ಕಾಲದಲ್ಲಿ ಆ ವರ್ಷದ ಎಳೆಯ ಕೊಂಬೆಗಳನ್ನು ಬಲಿಯಿಸುವುದು, ಇವೆರಡೇ ಅದರ ಕೆಲಸ. ಆದರೆ ಒಲೆಯ ಹತ್ತಿರದ ಭಾಗ ವಿಪರೀತ ಕಾಯುತ್ತಿತ್ತು, ದೂರದ ಭಾಗ ತಣ್ಣಗೇ ಉಳಿಯುತ್ತಿತ್ತು, ಹೊಗೆದಾರಿಯಲ್ಲಿ ಮಸಿ ಕಟ್ಟುತ್ತಿತ್ತು. ಎಲ್ಲಕ್ಕಿಂತ ಮಿಗಿಲಾಗಿ, ಗೋಡೆಯ ಮುಂದೆ ತೆರೆದ ಆಕಾಶವಿದ್ದ ಕಾರಣ ಅಷ್ಟು ಕಷ್ಟಪಟ್ಟು ಹುಟ್ಟಿಸಿದ ಶಾಖದ ಬಹುಪಾಲು ಗಾಳಿಯ ಪಾಲಾಗುತ್ತಿತ್ತು. ಗೋಡೆಯ ಮುಂದೆ ಗಾಜಿನ ಚೌಕಟ್ಟುಗಳನ್ನು ಓರೆಯಾಗಿ ನಿಲ್ಲಿಸಿದರೆ ಆ ಶಾಖ ಉಳಿಯುತ್ತದೆ ಎಂಬುದು ಅಲ್ಲಿಂದ ಮುಂದಿನ ಸಹಜವಾದ ಹೆಜ್ಜೆ. ಹಳೆಯ ತೋಟಗಳ ಗಾಜಿನ ಮನೆಗಳಲ್ಲಿ ಹೆಚ್ಚಿನವು ಬಯಲಿನ ನಡುವೆ ನಿಲ್ಲದೆ ಗೋಡೆಗೆ ಒರಗಿಕೊಂಡು ನಿಂತಿರುವುದಕ್ಕೆ ಇದೇ ಕಾರಣ. ಒಳಗಿನ ಗೋಡೆಗೆ ಸುಣ್ಣ ಬಳಿದರೆ ಅದಕ್ಕೆ ತಾಗಿದ ಬೆಳಕು ಗಿಡದ ಎಲೆಗಳಿಗೆ ಮರಳುತ್ತದೆ ಎಂಬುದನ್ನೂ ಅವರು ಅರಿತಿದ್ದರು.

ಗಾಜು ಶಾಖವನ್ನು ಹಿಡಿಯುವ ಬಗೆಯ ಕುರಿತು ನಮ್ಮಲ್ಲಿ ಅನೇಕರು ಶಾಲೆಯಲ್ಲಿ ಓದಿದ್ದು ಹೀಗೆ: ಬಿಸಿಲಿನ ಕಿರಣ ಗಾಜನ್ನು ದಾಟಿ ಒಳಬರುತ್ತದೆ, ಒಳಗೆ ಕಾದ ನೆಲ ಹೊಮ್ಮಿಸುವ ಉದ್ದ ತರಂಗಾಂತರದ ವಿಕಿರಣ ಗಾಜನ್ನು ದಾಟಲಾರದೆ ಒಳಗೇ ಉಳಿಯುತ್ತದೆ. ಅಮೆರಿಕದ ಭೌತವಿಜ್ಞಾನಿ ರಾಬರ್ಟ್ ವುಡ್ 1909ರಲ್ಲಿ ಒಂದು ಸರಳ ಪ್ರಯೋಗದಿಂದ ಈ ವಿವರಣೆಯನ್ನು ಪರೀಕ್ಷಿಸಿದರು. ಒಂದು ಪೆಟ್ಟಿಗೆಗೆ ಗಾಜನ್ನೂ ಇನ್ನೊಂದಕ್ಕೆ ಆ ವಿಕಿರಣವನ್ನು ತಡೆಯದ ಕಲ್ಲುಪ್ಪಿನ ಹಲಗೆಯನ್ನೂ ಮುಚ್ಚಿ ಬಿಸಿಲಿಗಿಟ್ಟಾಗ, ಎರಡೂ ಪೆಟ್ಟಿಗೆಗಳು ಬಹುಮಟ್ಟಿಗೆ ಒಂದೇ ರೀತಿ ಕಾದವು. ಬಿಸಿಯಾದ ಗಾಳಿ ಮೇಲೇರಿ ಹೊರಹೋಗದಂತೆ ತಡೆಯುವುದೇ ಗಾಜಿನ ಮನೆಯ ಮುಖ್ಯ ಕೆಲಸ ಎಂಬುದು ಇದರಿಂದ ತಿಳಿಯಿತು. ತೋಟದ ಮಾಲಿಗಳಿಗೆ ಈ ಸತ್ಯ ಕೈಯನುಭವದಿಂದ ಮೊದಲೇ ಗೊತ್ತಿತ್ತು. ಸಂದುಗಳನ್ನು ಬಿಗಿ ಮಾಡುವುದು, ಬಾಗಿಲನ್ನು ತೆರೆದಿಡದಿರುವುದು, ಮೇಲಿನ ಕಿಟಕಿಗಳನ್ನು ಗಂಟೆ ಗಂಟೆಗೂ ಹೊಂದಿಸುವುದು ಅವರ ದಿನಚರಿಯ ಮೊದಲ ಪಾಠಗಳಾಗಿದ್ದವು. ಆದರೆ ಒಂದೇ ಪದರದ ಗಾಜು ರಾತ್ರಿಯ ಹೊತ್ತು ಶಾಖವನ್ನು ಬೇಗನೆ ಬಿಟ್ಟುಕೊಡುತ್ತದೆ. ಸಂಜೆಯಾದೊಡನೆ ಗಾಜಿನ ಮೇಲೆ ಹುಲ್ಲಿನ ಚಾಪೆಗಳನ್ನೋ ದಪ್ಪ ಬಟ್ಟೆಯನ್ನೋ ಹಾಸಿ, ಬೆಳಗ್ಗೆ ಮತ್ತೆ ತೆಗೆಯುತ್ತಿದ್ದುದು ಅದಕ್ಕಾಗಿ.

ಈ ಸಾಹಸಕ್ಕೆಲ್ಲ ಪ್ರೇರಣೆಯಾದ ಹಣ್ಣು ಅನಾನಸ್. ಯುರೋಪಿನಲ್ಲಿ ಅದನ್ನು ಬೆಳೆಯುವ ವಿದ್ಯೆಯನ್ನು ಮೊದಲು ಹದಕ್ಕೆ ತಂದವರು ಡಚ್ಚರು; ಇಂಗ್ಲೆಂಡಿನಲ್ಲಿ ರಿಚ್ಮಂಡಿನ ಮ್ಯಾಥ್ಯೂ ಡೆಕರ್ ಎಂಬ ಡಚ್ ಮೂಲದ ವರ್ತಕನ ತೋಟದಲ್ಲಿ ಹೆನ್ರಿ ಟೆಲೆಂಡೆ ಎಂಬ ಮಾಲಿ ಅದನ್ನು ಯಶಸ್ವಿಯಾಗಿ ಬೆಳೆದ, ಮತ್ತು ಹಾಗೆ ಬೆಳೆದ ಹಣ್ಣಿನ ನೆನಪಿಗಾಗಿ 1720ರಲ್ಲಿ ಒಂದು ತೈಲಚಿತ್ರವನ್ನೇ ಬರೆಸಲಾಯಿತು. ಅನಾನಸ್ ಗಿಡಕ್ಕೆ ಗಾಳಿ ಬೆಚ್ಚಗಿದ್ದರೆ ಸಾಲದು, ಬೇರಿನ ಬುಡವೂ ಸದಾ ಬೆಚ್ಚಗಿರಬೇಕು. ಇದಕ್ಕೆ ಸಿಕ್ಕ ಉಪಾಯ ಚರ್ಮ ಹದ ಮಾಡುವವರು ಬಳಸಿ ಬಿಸಾಡಿದ ಓಕ್ ಮರದ ತೊಗಟೆ. ಇಟ್ಟಿಗೆಯ ಗುಂಡಿಯಲ್ಲಿ ಒದ್ದೆ ತೊಗಟೆಯನ್ನು ತುಂಬಿ, ಅದರಲ್ಲಿ ಅನಾನಸ್ ಕುಂಡಗಳನ್ನು ಅಂಚಿನವರೆಗೆ ಹೂತರೆ, ತೊಗಟೆ ನಿಧಾನವಾಗಿ ಕೊಳೆಯುತ್ತ ತಿಂಗಳುಗಟ್ಟಲೆ ಒಂದೇ ಸಮನೆ ಶಾಖ ಕೊಡುತ್ತಿತ್ತು. ಕುದುರೆ ಲದ್ದಿಯೂ ಬಿಸಿ ಕೊಡುತ್ತದೆ. ಆದರೆ ಅದು ಮೊದಲ ಕೆಲವು ದಿನ ಬೇರು ಸುಡುವಷ್ಟು ಕಾದು ಬೇಗ ತಣ್ಣಗಾಗುತ್ತದೆ, ಹೊಸ ಲದ್ದಿಯಿಂದ ಏಳುವ ಅಮೋನಿಯಾ ಎಲೆಗಳಿಗೆ ಹಾನಿ ಮಾಡುತ್ತದೆ. ಕಾರ್ನ್‌ವಾಲಿನ ಹೆಲಿಗನ್ ಎಸ್ಟೇಟಿನಲ್ಲಿರುವ ಅನಾನಸ್ ಗುಂಡಿಯಲ್ಲಿ ಈ ತೊಂದರೆಗೆ ಜಾಣ್ಮೆಯ ಪರಿಹಾರವಿದೆ: ಗಿಡಗಳಿರುವ ಗುಂಡಿಯ ಎರಡೂ ಬದಿಗೆ ಬೇರೆಯೇ ಕಾಲುವೆಗಳನ್ನು ತೋಡಿ ಅವುಗಳಲ್ಲಿ ಲದ್ದಿ ತುಂಬುತ್ತಾರೆ, ಜಾಲಂದ್ರದಂತೆ ತೂತು ಬಿಟ್ಟು ಕಟ್ಟಿದ ಗೋಡೆಯ ಮೂಲಕ ಬಿಸಿ ಮಾತ್ರ ಒಳಗೆ ಹಾಯುತ್ತದೆ. ಒಂದು ಮರಿಗಿಡ ಹಣ್ಣು ಕೊಡಲು ಎರಡರಿಂದ ಮೂರು ವರ್ಷ ಬೇಕಾಗುತ್ತಿತ್ತು, ಅಷ್ಟೂ ಕಾಲ ಒಂದು ರಾತ್ರಿಯೂ ಬಿಸಿ ಇಳಿಯುವಂತಿರಲಿಲ್ಲ. ಸ್ಕಾಟ್ಲೆಂಡಿನ ಡನ್‌ಮೋರ್ ತೋಟದಲ್ಲಿ 1761ರ ದಿನಾಂಕ ಹೊತ್ತ ಕಟ್ಟಡವೊಂದರ ಮೇಲೆ ಸುಮಾರು 14 ಮೀಟರ್ ಎತ್ತರಕ್ಕೆ ಏರಿ ನಿಂತಿರುವ ಕಲ್ಲಿನ ಅನಾನಸ್ ಆ ಕಾಲದವರು ಈ ಹಣ್ಣಿಗೆ ಕೊಟ್ಟಿದ್ದ ಬೆಲೆಯನ್ನು ಇಂದಿಗೂ ಸಾರುತ್ತಿದೆ. ಅದರ ಎಡಬಲದ ಗೋಡೆಗಳೂ ಒಳಗಿನಿಂದ ಕಾಯಿಸುವಂಥವೇ; ಹೊಗೆ ಹೋಗುವ ಚಿಮಣಿಗಳನ್ನು ಕಲ್ಲಿನ ಹೂದಾನಿಗಳ ರೂಪದಲ್ಲಿ ಮರೆಮಾಡಿದ್ದಾರೆ.

ಗಾಜಿನ ಮನೆ ಹೀಗೆ ಕೆಲವೇ ಸಿರಿವಂತರ ಸೊತ್ತಾಗಿ ಬಹುಕಾಲ ಉಳಿಯಲು ಸರ್ಕಾರದ ತೆರಿಗೆಯೂ ಕಾರಣ. 1745–46ರಲ್ಲಿ ಬ್ರಿಟನ್ನಿನಲ್ಲಿ ಗಾಜಿನ ಮೇಲೆ ಹೇರಿದ ಅಬಕಾರಿ ಸುಂಕ ತೂಕದ ಲೆಕ್ಕದಲ್ಲಿತ್ತು. ಹಾಗಾಗಿ ತೆಳ್ಳನೆಯ ಚಿಕ್ಕ ಚಿಕ್ಕ ಗಾಜುಗಳನ್ನೇ ಬಳಸುವುದು ಅನಿವಾರ್ಯವಾಯಿತು. ಗಾಜು ತಯಾರಿಸುವ ವಿಧಾನವೂ ಅದಕ್ಕೆ ತಕ್ಕಂತೆಯೇ ಇತ್ತು: ಊದಿದ ಗಾಜಿನ ಗುಳ್ಳೆಯನ್ನು ಕೋಲಿನ ತುದಿಯಲ್ಲಿ ಗಿರ್ರನೆ ತಿರುಗಿಸಿ ಅಗಲವಾದ ತಟ್ಟೆಯಂತೆ ಮಾಡಿ, ಆ ದುಂಡು ತಟ್ಟೆಯಿಂದ ಸಾಧ್ಯವಾದಷ್ಟು ಚೌಕಗಳನ್ನು ಕತ್ತರಿಸುತ್ತಿದ್ದರು. 1832ರಲ್ಲಿ ಬರ್ಮಿಂಗ್‌ಹ್ಯಾಮ್ ಸಮೀಪದ ಸ್ಮೆದಿಕ್‌ನಲ್ಲಿ ಚಾನ್ಸ್ ಸಹೋದರರ ಕಾರ್ಖಾನೆ, ಗಾಜನ್ನು ಉದ್ದ ಕೊಳವೆಯಂತೆ ಊದಿ, ಸೀಳಿ, ಬಿಸಿಯಲ್ಲಿ ಹರಡಿ ಹಾಳೆ ಮಾಡುವ ವಿಧಾನವನ್ನು ಬ್ರಿಟನ್ನಿನಲ್ಲಿ ನೆಲೆಗೊಳಿಸಿತು. 1845ರಲ್ಲಿ ಸುಂಕ ರದ್ದಾಯಿತು, 1850ರಲ್ಲಿ ಇಟ್ಟಿಗೆಯ ಮೇಲಿನ ತೆರಿಗೆಯೂ ಹೋಯಿತು. ಅದೇ ಚಾನ್ಸ್ ಕಾರ್ಖಾನೆ ಲಂಡನ್ನಿನಲ್ಲಿ 1851ರ ವಸ್ತುಪ್ರದರ್ಶನಕ್ಕಾಗಿ ಕಟ್ಟಿದ ಗಾಜಿನ ಸೌಧ ಕ್ರಿಸ್ಟಲ್ ಪ್ಯಾಲೇಸ್‌ಗೆ ಸುಮಾರು ಮೂರು ಲಕ್ಷ ಗಾಜಿನ ಹಾಳೆಗಳನ್ನು ಒದಗಿಸಿತು. ಈ ಹೊಸ ಗಾಜಿಗೂ ಒಂದು ದೋಷವಿತ್ತು. ಅದರೊಳಗಿನ ಗುಳ್ಳೆಗಳೂ ಏರುಪೇರುಗಳೂ ಮಸೂರದಂತೆ ಬಿಸಿಲನ್ನು ಒಂದೆಡೆ ಸೇರಿಸಿ ಎಲೆಗಳನ್ನು ಸುಡುತ್ತಿದ್ದವು. ಸಂಡರ್‌ಲೆಂಡಿನ ಜೇಮ್ಸ್ ಹಾರ್ಟ್ಲಿ 1847ರಲ್ಲಿ ಪೇಟೆಂಟ್ ಪಡೆದ, ಉರುಳೆಯಿಂದ ಒತ್ತಿ ತಯಾರಿಸಿದ ತರಿಮೈಯ ಗಾಜು ಬೆಳಕನ್ನು ಚದುರಿಸಿ ಕಳಿಸುತ್ತಿದ್ದುದರಿಂದ ತೋಟಗಳಲ್ಲಿ ಬೇಡಿಕೆ ಪಡೆಯಿತು.

ಚೌಕಟ್ಟನ್ನು ಮರದಿಂದ ಮಾಡಬೇಕೋ ಕಬ್ಬಿಣದಿಂದಲೋ ಎಂಬ ವಾದ 19ನೆಯ ಶತಮಾನದುದ್ದಕ್ಕೂ ನಡೆಯಿತು. ಸ್ಕಾಟ್ಲೆಂಡಿನ ಜಾನ್ ಕ್ಲಾಡಿಯಸ್ ಲೌಡನ್ 1816ರಲ್ಲಿ ಬೇಕಾದಂತೆ ಬಾಗಿಸಬಹುದಾದ ತೆಳ್ಳನೆಯ ಮೆದುಕಬ್ಬಿಣದ ಪಟ್ಟಿಯನ್ನು ರೂಪಿಸಿದ ಮೇಲೆ, ಗುಮ್ಮಟದಂತೆ ಬಾಗಿದ ಗಾಜಿನ ಮನೆಗಳು ಸಾಧ್ಯವಾದವು. ಡೆವನ್ ಪ್ರಾಂತ್ಯದ ಬಿಕ್ಟನ್‌ನಲ್ಲಿರುವ ತಾಳೆಗಿಡಗಳ ಮನೆ ಆ ಮಾದರಿಯ ಅತ್ಯಂತ ಚೆಲುವಾದ ಉದಾಹರಣೆ. ಕಬ್ಬಿಣದ ಪಟ್ಟಿ ತೆಳುವಾದಷ್ಟೂ ಬೆಳಕು ಹೆಚ್ಚು. ಆದರೆ ಅಡುಗೆಮನೆಯ ತೋಟದ ಮಾಲಿಗಳು ಕೊನೆಗೂ ಒಲಿದದ್ದು ಮರಕ್ಕೆ, ಮತ್ತು ಅವರ ನಿರ್ಧಾರವೇ ಸರಿಯಾಗಿತ್ತು ಎಂದು ನನಗೆ ಅನಿಸುತ್ತದೆ. ಕಬ್ಬಿಣ ಬೇಗ ತಣ್ಣಗಾಗುತ್ತದೆ, ಅದರ ಮೇಲೆ ಹನಿಗಟ್ಟಿದ ನೀರು ಕೆಳಗಿನ ಹಣ್ಣಿನ ಮೇಲೆ ತೊಟ್ಟಿಕ್ಕುತ್ತದೆ, ಬಿಸಿಲಿಗೆ ಹಿಗ್ಗಿ ಚಳಿಗೆ ಕುಗ್ಗಿ ಗಾಜನ್ನು ಒಡೆಯುತ್ತದೆ. ಕುಂದಿಲ್ಲದ ಪೈನ್ ಅಥವಾ ತೇಗದ ಪಟ್ಟಿಗೆ ಈ ತೊಂದರೆಗಳು ಕಡಿಮೆ, ಊರಿನ ಬಡಗಿಯೇ ಅದನ್ನು ದುರಸ್ತಿ ಮಾಡಬಲ್ಲ.

ಒಂದು ಗಾಜಿನ ಬಿಲ್ಲೆಯನ್ನು ಹತ್ತಿರದಿಂದ ನೋಡಿದರೆ ಆ ಕಾಲದ ಕುಶಲತೆ ಎಷ್ಟು ಸೂಕ್ಷ್ಮವಾಗಿತ್ತೆಂದು ತಿಳಿಯುತ್ತದೆ. ಇಳಿಜಾರು ಮಾಡಿನ ಮೇಲೆ ಬಿಲ್ಲೆಗಳನ್ನು ಒಂದರ ಕೆಳತುದಿ ಮತ್ತೊಂದರ ಮೇಲೆ ತುಸು ಕೂರುವಂತೆ ಜೋಡಿಸಿರುತ್ತಾರೆ. ಅನೇಕ ಕಡೆ ಈ ಕೆಳತುದಿ ನೇರವಾಗಿಲ್ಲದೆ ನಡುವೆ ಕೆಳಗಿಳಿದ ಕಮಾನಿನಂತೆ ದುಂಡಗಿದೆ. ನೀರು ಯಾವಾಗಲೂ ಅಂಚನ್ನು ಹಿಡಿದು ಅದರ ಅತ್ಯಂತ ತಗ್ಗಿನ ಬಿಂದುವಿಗೆ ಹರಿಯುವುದರಿಂದ, ಮಳೆನೀರು ಎರಡೂ ಬದಿಯ ಮರದ ಪಟ್ಟಿಗಳಿಂದ ದೂರ ಸರಿದು ಗಾಜಿನ ನಡುವೆಯೇ ಇಳಿದುಹೋಗುತ್ತದೆ, ಮರ ಮತ್ತು ಪುಟ್ಟಿ ಒಣಗಿರುತ್ತವೆ, ಹಲವು ದಶಕ ಬಾಳುತ್ತವೆ. ಬಿಲ್ಲೆಗಳು ಒಂದರ ಮೇಲೊಂದು ಕೂರುವ ಅಂಚನ್ನು ಆದಷ್ಟು ಕಿರಿದಾಗಿ ಇಡುತ್ತಿದ್ದರು, ಏಕೆಂದರೆ ಅಗಲವಾದ ಸಂದಿನಲ್ಲಿ ಉಳಿದ ನೀರು ರಾತ್ರಿ ಹೆಪ್ಪುಗಟ್ಟಿ ಹಿಗ್ಗಿದಾಗ ಗಾಜು ಸೀಳುತ್ತದೆ. ಮಾಡಿನ ಮೇಲೆ ಬಿದ್ದ ಮಳೆನೀರನ್ನು ಮಾಡಿನಂಚಿನ ಕಾಲುವೆಗಳ ಮೂಲಕ ಒಳಗಿನ ತೊಟ್ಟಿಗೇ ಬಿಡುತ್ತಿದ್ದರು. ಗಿಡಕ್ಕೆ ಹಾಕುವ ನೀರು ಮನೆಯೊಳಗಿನ ಗಾಳಿಯಷ್ಟೇ ಬೆಚ್ಚಗಿರಬೇಕು, ಹೊರಗಿನ ತಣ್ಣೀರು ತಾಗಿದರೆ ಬೇರು ಕುಗ್ಗುತ್ತದೆ ಎಂಬ ಎಚ್ಚರ ಇದರ ಹಿಂದಿತ್ತು. 19ನೆಯ ಶತಮಾನದ ಕೊನೆಯ ಹೊತ್ತಿಗೆ ಫಾಸ್ಟರ್ ಅಂಡ್ ಪಿಯರ್ಸನ್, ಮೆಸೆಂಜರ್, ಮೆಕೆಂಜಿ ಅಂಡ್ ಮಂಕರ್ ಮೊದಲಾದ ಕಂಪನಿಗಳು ಇಂಥ ಮನೆಗಳನ್ನು ಸಿದ್ಧಪಡಿಸಿ ದೇಶವಿಡೀ ಮಾರುತ್ತಿದ್ದವು. ಅವುಗಳಲ್ಲಿ ಒಂದು ಕೈಚಕ್ರವನ್ನು ತಿರುಗಿಸಿದರೆ ಸಾಲಿನ ಎಲ್ಲ ಮೇಲ್ಕಿಟಕಿಗಳೂ ಒಟ್ಟಿಗೆ ತೆರೆದುಕೊಳ್ಳುವ ಸರಳು ಸಂಪರ್ಕವಿರುತ್ತಿತ್ತು.

ಶಾಖ ಕೊಡುವ ವಿಧಾನದಲ್ಲಿ ಅತಿ ದೊಡ್ಡ ಬದಲಾವಣೆ 1820ರ ದಶಕದಿಂದ ಹರಡಿದ ಬಿಸಿನೀರಿನ ಕೊಳವೆ. ಅದಕ್ಕೂ ಮೊದಲು ಹೊಗೆದಾರಿಗಳು ಬಿರುಕುಬಿಟ್ಟು ವಿಷದ ಹೊಗೆ ಗಿಡಗಳಿಗೆ ತಾಗುತ್ತಿತ್ತು; ಉಗಿಯನ್ನು ಹಾಯಿಸಿ ನೋಡಿದವರಿಗೆ ಅದು ಒಲೆ ಆರಿದ ತಕ್ಷಣ ತಣ್ಣಗಾಗುವ ತೊಂದರೆ ಎದುರಾಯಿತು. ನೀರು ಶಾಖವನ್ನು ಬಹಳ ಹೊತ್ತು ಹಿಡಿದಿಡುತ್ತದೆ. ಬಾಯ್ಲರನ್ನು ಗಾಜಿನ ಮನೆಯ ನೆಲಕ್ಕಿಂತ ಕೆಳಗೆ, ಮೆಟ್ಟಿಲಿಳಿದು ಹೋಗಬೇಕಾದ ಗುಂಡಿಯಲ್ಲಿ ಕೂರಿಸುತ್ತಿದ್ದರು. ಬಿಸಿಯಾದ ನೀರು ಹಗುರಾಗಿ ನಾಲ್ಕು ಇಂಚು ವ್ಯಾಸದ ಬೀಡುಕಬ್ಬಿಣದ ಕೊಳವೆಯಲ್ಲಿ ಮೇಲೇರಿ, ಮನೆಯ ಉದ್ದಕ್ಕೂ ಸಾಗಿ, ತಣ್ಣಗಾಗಿ ಭಾರವಾಗಿ ತಾನಾಗಿಯೇ ಬಾಯ್ಲರಿಗೆ ಮರಳುತ್ತಿತ್ತು, ಪಂಪು ಬೇಕಿರಲಿಲ್ಲ. ನಮ್ಮ ಊರುಗಳ ತಾರಸಿಗಳ ಮೇಲಿರುವ ಸೋಲಾರ್ ವಾಟರ್ ಹೀಟರುಗಳಲ್ಲಿ ನೀರು ಪಂಪಿಲ್ಲದೆ ಸುತ್ತುವುದೂ ಇದೇ ತತ್ತ್ವದಿಂದ. ಈ ವ್ಯವಸ್ಥೆಯನ್ನು ಎಷ್ಟು ದೂರ ಒಯ್ಯಬಹುದೆಂಬುದಕ್ಕೆ ಡರ್ಬಿಶೈರ್ ಪ್ರಾಂತ್ಯದ ಎಸ್ಟೇಟಾದ ಚಾಟ್ಸ್‌ವರ್ತ್ ಸಾಕ್ಷಿ. 1826ರಲ್ಲಿ ಅಲ್ಲಿನ ಮುಖ್ಯ ಮಾಲಿಯಾಗಿ ಬಂದ ಜೋಸೆಫ್ ಪ್ಯಾಕ್ಸ್‌ಟನ್ 1836ರಿಂದ ಕಟ್ಟಿಸಿದ ಮಹಾ ಗಾಜಿನ ಮನೆ 277 ಅಡಿ ಉದ್ದವಿತ್ತು. ಎಂಟು ಬಾಯ್ಲರುಗಳು ಏಳು ಮೈಲಿ ಉದ್ದದ ಕೊಳವೆಗಳಿಗೆ ಬಿಸಿನೀರು ತುಂಬುತ್ತಿದ್ದವು, ಕಲ್ಲಿದ್ದಲನ್ನು ತರಲು ನೆಲದಡಿಯ ಸುರಂಗದಲ್ಲಿ ಹಳಿ ಹಾಕಲಾಗಿತ್ತು.

ಚಾಟ್ಸ್‌ವರ್ತ್‌ನ ಹೆಸರು ಬಂದಾಗ ಕನ್ನಡಿಗರು ಒಂದು ಸಂಗತಿಯನ್ನು ತಿಳಿಯಲೇಬೇಕು. ಚೀನಾ ಮೂಲದ ಒಂದು ಗಿಡ್ಡ ಬಾಳೆ 1830ರ ಸುಮಾರಿಗೆ ಮಾರಿಷಸ್ ದ್ವೀಪದ ಮೂಲಕ ಇಂಗ್ಲೆಂಡಿಗೆ ಬಂದಿತು. ಪ್ಯಾಕ್ಸ್‌ಟನ್ ಅದನ್ನು ಚಾಟ್ಸ್‌ವರ್ತ್‌ನ ಬಿಸಿಮನೆಯಲ್ಲಿ ಬೆಳೆಸಿ, 1835ರಲ್ಲಿ ಹೂ ಬಿಡಿಸಿ, ತನ್ನ ಒಡೆಯ ಡೆವನ್‌ಶೈರ್‌ನ ಆರನೆಯ ಡ್ಯೂಕ್ ವಿಲಿಯಂ ಕ್ಯಾವೆಂಡಿಶ್‌ನ ಮನೆತನದ ಹೆಸರನ್ನು ಅದಕ್ಕೆ ಕೊಟ್ಟ. ಅಲ್ಲಿಂದ ಕೆಲವು ಗಿಡಗಳು ಮಿಷನರಿ ಜಾನ್ ವಿಲಿಯಮ್ಸ್‌ನೊಂದಿಗೆ ಪೆಸಿಫಿಕ್ ಸಾಗರದ ಸಮೋವಾ ದ್ವೀಪಗಳಿಗೂ ಹೋದವು. ಇಂದು ನಮ್ಮ ರೈತರು ಪಚ್ಚಬಾಳೆ ಎಂದೂ ಜಿ-9 ಎಂದೂ ಕರೆದು ಬೆಳೆಯುವ ತಳಿಗಳು ಕ್ಯಾವೆಂಡಿಶ್ ಗುಂಪಿಗೇ ಸೇರಿದವು.

ಬಾಳೆಯೂ ಅನಾನಸ್ಸೂ ಪ್ರದರ್ಶನದ ಹಣ್ಣುಗಳಾದರೆ, ಎಸ್ಟೇಟಿನ ನಿತ್ಯದ ಮರ್ಯಾದೆ ನಿಂತಿದ್ದುದು ದ್ರಾಕ್ಷಿಯ ಮೇಲೆ. ದ್ರಾಕ್ಷಿ ಮನೆಯ ಮುಂಗೋಡೆಯಲ್ಲಿ ನೆಲಮಟ್ಟಕ್ಕೆ ಚಿಕ್ಕ ಚಿಕ್ಕ ಕಮಾನುಗಳಿರುತ್ತವೆ. ಬಳ್ಳಿಯ ಬೇರು ಹೊರಗಿನ ಪಾತಿಯಲ್ಲಿ, ಕಾಂಡ ಆ ಕಮಾನಿನ ಮೂಲಕ ಒಳಗೆ ಬಂದು ಗಾಜಿನಡಿಯ ತಂತಿಗಳ ಮೇಲೆ ಹಬ್ಬಿರುತ್ತದೆ. ಹೀಗೆ ಬೇರಿಗೆ ವಿಶಾಲವಾದ ಮಣ್ಣೂ ಮಳೆನೀರೂ, ಎಲೆಗೆ ಬೆಚ್ಚನೆಯ ಹವೆಯೂ ಸಿಗುತ್ತವೆ. ಬೇಗ ಹಣ್ಣು ಬೇಕಾದ ಮನೆಯನ್ನು ನಡುಚಳಿಗಾಲದಲ್ಲೇ ಬಿಸಿಗೆ ಇಡುತ್ತಿದ್ದರು, ಎರಡನೆಯದನ್ನು ಕೆಲವು ವಾರ ಬಿಟ್ಟು, ಮೂರನೆಯದನ್ನು ಮತ್ತೂ ತಡವಾಗಿ. ಹೀಗೆ ತಿಂಗಳುಗಟ್ಟಲೆ ಹಣ್ಣು ಸರದಿಯಲ್ಲಿ ಬರುತ್ತಿತ್ತು. ಗೊಂಚಲಿನಲ್ಲಿ ಕಾಯಿ ಕಟ್ಟಿದೊಡನೆ ಮಾಲಿಗಳು ಏಣಿಯ ಮೇಲೆ ನಿಂತು ಚೂಪುತುದಿಯ ಸಣ್ಣ ಕತ್ತರಿಯಿಂದ ಅರ್ಧಕ್ಕಿಂತ ಹೆಚ್ಚು ಕಾಯಿಗಳನ್ನು ಒಂದೊಂದಾಗಿ ಕತ್ತರಿಸಿ ತೆಗೆಯುತ್ತಿದ್ದರು. ಉಳಿದ ಕಾಯಿಗಳು ದಪ್ಪವಾಗಿ ಒಂದನ್ನೊಂದು ಒತ್ತದೆ ಬೆಳೆಯಲಿ ಎಂಬುದು ಉದ್ದೇಶ. ಗೊಂಚಲನ್ನು ಕೈಯಿಂದ ಮುಟ್ಟುವಂತಿಲ್ಲ, ತಲೆಗೂದಲು ತಾಗುವಂತಿಲ್ಲ. ಕಾಯಿಯ ಮೇಲೆ ಕೂರುವ ಬೂದಿಬಣ್ಣದ ತೆಳುಮೇಣ ಅಳಿಸಿದರೆ ಆ ಗೊಂಚಲು ಒಡೆಯರ ಮೇಜಿಗೆ ಅನರ್ಹ. ಒಂದು ಕವಲು ಕಡ್ಡಿಯಿಂದ ಗೊಂಚಲನ್ನು ಮೆಲ್ಲನೆ ತಿರುಗಿಸುತ್ತ, ಕತ್ತು ಮೇಲೆತ್ತಿ, ಬಿಸಿ ಆರ್ದ್ರ ಹವೆಯಲ್ಲಿ ದಿನಗಟ್ಟಲೆ ಮಾಡುವ ಈ ಕೆಲಸ ತೋಟದ ಕೆಲಸಗಳಲ್ಲೇ ಅತ್ಯಂತ ದಣಿವಿನದು. ಕೊಯ್ದ ಗೊಂಚಲನ್ನು ಬಳ್ಳಿಯ ತುಂಡಿನ ಸಮೇತ ಕತ್ತರಿಸಿ, ಆ ತುಂಡನ್ನು ಇದ್ದಿಲು ಹಾಕಿದ ನೀರಿನ ಸೀಸೆಯಲ್ಲಿಟ್ಟು, ಸೀಸೆಗಳನ್ನು ಕತ್ತಲ ಕೋಣೆಯ ಗೂಡುಗಳಲ್ಲಿ ಓರೆಯಾಗಿ ಜೋಡಿಸಿದರೆ ತಿಂಗಳುಗಟ್ಟಲೆ ಕೆಡುತ್ತಿರಲಿಲ್ಲ.

ಒಂದೊಂದು ಬೆಳೆಗೂ ಒಂದೊಂದು ಮನೆ ಬೇಕಾದದ್ದು ಒಂದರ ಹವೆ ಇನ್ನೊಂದಕ್ಕೆ ಆಗದ ಕಾರಣಕ್ಕೆ. ಪೀಚ್‌ಗೆ ಚಳಿಗಾಲದ ವಿಶ್ರಾಂತಿ ಬೇಕು, ಅದರ ಮನೆಯ ಕಿಟಕಿಗಳನ್ನು ಆ ದಿನಗಳಲ್ಲಿ ತೆರೆದೇ ಇಡುತ್ತಿದ್ದರು. ಜೇನ್ನೊಣಗಳಿಲ್ಲದ ಕಾಲದಲ್ಲಿ ಅದು ಹೂ ಬಿಡುವುದರಿಂದ ಕೋಲಿಗೆ ಕಟ್ಟಿದ ಮೊಲದ ಬಾಲದಿಂದ ಹೂವಿಂದ ಹೂವಿಗೆ ಪರಾಗ ತಾಗಿಸುತ್ತಿದ್ದರು. ಕರಬೂಜದ ಮನೆಯಲ್ಲಿ ಪ್ರತಿ ಹಣ್ಣಿಗೂ ಒಂದು ಬಲೆಯ ಚೀಲ ಕಟ್ಟಿ ತೂಗುಹಾಕುತ್ತಿದ್ದರು. ರೈಲು ಎಂಜಿನ್ನಿನ ಜಾರ್ಜ್ ಸ್ಟೀವನ್‌ಸನ್ ತಮ್ಮ ಕೊನೆಯ ವರ್ಷಗಳನ್ನು ಚೆಸ್ಟರ್‌ಫೀಲ್ಡ್ ಬಳಿಯ ತಮ್ಮ ತೋಟದಲ್ಲಿ ಕಳೆಯುವಾಗ, ಸೌತೆಕಾಯಿ ಸೊಟ್ಟಗೆ ಬೆಳೆಯುವುದನ್ನು ಸಹಿಸದೆ ಅದನ್ನು ನೇರ ಮಾಡಲು ಗಾಜಿನ ಕೊಳವೆಗಳನ್ನು ಮಾಡಿಸಿದರು. ಗೋಡೆಯ ಹಿಂಬದಿ, ಅಂದರೆ ಬಿಸಿಲೇ ಬೀಳದ ಉತ್ತರದ ಕಡೆ, ಬಾಯ್ಲರ್ ಕೋಣೆ, ಕುಂಡಗಳ ಕೋಣೆ, ಅಣಬೆ ಬೆಳೆಯುವ ಕತ್ತಲ ಕೋಣೆ, ಹಣ್ಣಿನ ಉಗ್ರಾಣ ಎಲ್ಲವೂ ಸಾಲಾಗಿ ಇದ್ದವು.

ಯುವ ಮಾಲಿಗಳ ವಾಸವೂ ಅದೇ ಸಾಲಿನಲ್ಲಿ. ಮದುವೆಯಾಗದ ಹುಡುಗರು ಗೋಡೆಗೆ ಒರಗಿದ ತೇವದ ಕೋಣೆಗಳಲ್ಲಿ ಒಟ್ಟಿಗೆ ಇರುತ್ತಿದ್ದರು, ಒಂದೆರಡು ವರ್ಷ ಕೆಲಸ ಕಲಿತು ಮತ್ತೊಂದು ಎಸ್ಟೇಟಿಗೆ ಹೋಗುತ್ತಿದ್ದರು. ಸರದಿಯ ಪ್ರಕಾರ ಒಬ್ಬ ರಾತ್ರಿ ಎದ್ದು, ಲಾಂದ್ರ ಹಿಡಿದು ಪ್ರತಿ ಮನೆಯ ಉಷ್ಣಮಾಪಕವನ್ನು ನೋಡಿ, ಬಾಯ್ಲರಿನ ಬೂದಿ ಕೆದಕಿ ಕಲ್ಲಿದ್ದಲು ಹಾಕಿ, ಬೆಂಕಿ ಬೆಳಗಿನವರೆಗೂ ನಿಧಾನವಾಗಿ ಉರಿಯುವಂತೆ ಮುಚ್ಚಿಡಬೇಕಿತ್ತು. ಕೊರೆಯುವ ಚಳಿಯ ಒಂದು ರಾತ್ರಿ ಅವನು ನಿದ್ದೆಹೋದರೆ ಮೂರು ವರ್ಷದ ಅನಾನಸ್ ಬೆಳೆ ಬೆಳಗಾಗುವಷ್ಟರಲ್ಲಿ ಸತ್ತಿರುತ್ತಿತ್ತು. ಕೀಟಗಳನ್ನು ಕೊಲ್ಲಲು ಸಂಜೆ ಬಾಗಿಲು ಮುಚ್ಚಿ ತಂಬಾಕಿನ ಹೊಗೆ ಹಾಕುವ ಕೆಲಸವೂ ಇವರದೇ. ಆ ಹೊಗೆಯಲ್ಲಿರುವ ನಿಕೋಟಿನ್ ಕೀಟಕ್ಕೆ ಎಷ್ಟು ವಿಷವೋ ಮನುಷ್ಯನಿಗೂ ಹಾನಿಕರ. ಈ ಮನೆಗಳ ಚೆಲುವನ್ನು ಹೊಗಳುವವರು ಈ ಹುಡುಗರನ್ನು ಅವುಗಳ ಕಥೆಯಿಂದ ಹೊರಗಿಡುವುದು ನ್ಯಾಯವಲ್ಲ. ಅವರ ನಿದ್ದೆಗೆಟ್ಟ ರಾತ್ರಿಗಳೂ ಆ ಶಾಖದ ಲೆಕ್ಕದ ಭಾಗವೇ.

ಇಷ್ಟೆಲ್ಲ ಕೂಡಿ ಬಂದಿದ್ದ ವ್ಯವಸ್ಥೆ ಒಂದು ತಲೆಮಾರಿನಲ್ಲೇ ಕುಸಿಯಿತು. 1880ರ ದಶಕದಿಂದ ಹಡಗುಗಳು ಕೆನರಿ ದ್ವೀಪದ ಬಾಳೆಯನ್ನೂ ಅಜೋರ್ಸ್‌ನ ಅನಾನಸ್ಸನ್ನೂ ಲಂಡನ್ನಿಗೆ ತರತೊಡಗಿದಾಗ ಬಿಸಿಮನೆಯ ಹಣ್ಣಿನ ಹೆಚ್ಚುಗಾರಿಕೆ ಕರಗಿತು. 1894ರ ನಂತರ ಉತ್ತರಾಧಿಕಾರದ ತೆರಿಗೆ ದೊಡ್ಡ ಎಸ್ಟೇಟುಗಳನ್ನು ಹಿಂಡತೊಡಗಿತು. 1914ರಲ್ಲಿ ಯುದ್ಧ ಬಂದಾಗ ಮಾಲಿಗಳು ಸೈನ್ಯಕ್ಕೆ ಹೋದರು, ಕಲ್ಲಿದ್ದಲು ದುಬಾರಿಯಾಯಿತು. ಹೆಲಿಗನ್ ತೋಟದ ಕೆಲಸಗಾರರ ಶೌಚಕೋಣೆಯ ಗೋಡೆಯ ಮೇಲೆ 1914ರ ಆಗಸ್ಟ್ ತಿಂಗಳಲ್ಲಿ ಅಲ್ಲಿನ ಮಾಲಿಗಳು ಸೀಸದಕಡ್ಡಿಯಿಂದ ಬರೆದ ತಮ್ಮ ಹೆಸರುಗಳು ಸಿಕ್ಕಿವೆ. ಅವರಲ್ಲಿ ಹಲವರು ಯುದ್ಧದಿಂದ ಹಿಂತಿರುಗಲಿಲ್ಲ. ಯುದ್ಧದ ವರ್ಷಗಳಲ್ಲಿ ಬಿಸಿಯಿಲ್ಲದೆ ಗಿಡಗಳು ಸತ್ತುಹೋದ ಚಾಟ್ಸ್‌ವರ್ತ್‌ನ ಮಹಾ ಗಾಜಿನ ಮನೆಯನ್ನು 1920ರಲ್ಲಿ ಸಿಡಿಮದ್ದಿಟ್ಟು ಕೆಡವಲಾಯಿತು.

ಉಳಿಸುವ ಕೆಲಸ ಗಂಭೀರವಾಗಿ ಶುರುವಾದದ್ದು ಬಹಳ ತಡವಾಗಿ. ಹೆಲಿಗನ್ ತೋಟ 1990ರಲ್ಲಿ ಮುಳ್ಳುಪೊದೆಗಳ ಅಡಿಯಿಂದ ಮತ್ತೆ ಬೆಳಕಿಗೆ ಬಂತು. ಆ ದಶಕದ ಕೊನೆಯ ಹೊತ್ತಿಗೆ ಅಲ್ಲಿನ ಲದ್ದಿಗುಂಡಿಯಲ್ಲಿ ಅನಾನಸ್ ಮತ್ತೆ ಹಣ್ಣಾಯಿತು. ಸಸೆಕ್ಸ್‌ನ ವೆಸ್ಟ್ ಡೀನ್‌ನಲ್ಲಿ ಹದಿಮೂರು ಗಾಜಿನ ಮನೆಗಳನ್ನು ದುರಸ್ತಿ ಮಾಡಿ ಬೆಳೆಗೆ ಬಳಸುತ್ತಿದ್ದಾರೆ. ಇಂಥ ದುರಸ್ತಿಯಲ್ಲಿ ಎದುರಾಗುವ ಆಯ್ಕೆಗಳು ಸುಲಭವಲ್ಲ. ಹಳೆಯ ಗಾಜು ಒಡೆದರೆ ಚೂಪಾದ ಚೂರುಗಳು ತಲೆಯ ಮೇಲೆ ಬೀಳುತ್ತವೆ, ಗಡುಸುಗೊಳಿಸಿದ ಹೊಸ ಗಾಜನ್ನು ಹಾಕಿದರೆ ಅದರ ತೂಕವನ್ನು ಹಳೆಯ ತೆಳುಪಟ್ಟಿಗಳು ತಾಳಲಾರವು. ಪ್ರತಿ ಕೆಲವು ವರ್ಷಕ್ಕೊಮ್ಮೆ ಬಣ್ಣ ಮತ್ತು ಪುಟ್ಟಿ ಹೊಸದಾಗಬೇಕು, ಇಲ್ಲದಿದ್ದರೆ ಮಳೆನೀರು ಮರದೊಳಗೆ ಇಳಿಯುತ್ತದೆ. ನನ್ನ ಅಭಿಪ್ರಾಯದಲ್ಲಿ, ಖಾಲಿ ಮನೆಯನ್ನು ಅಂದವಾಗಿ ಬಣ್ಣ ಹೊಡೆದು ನಿಲ್ಲಿಸುವುದಕ್ಕಿಂತ ಒಂದೇ ಒಂದು ಮನೆಯಲ್ಲಾದರೂ ಬಳ್ಳಿ ಹಬ್ಬಿಸಿ ಹಣ್ಣು ತೆಗೆಯುವುದು ಮೇಲು. ದಿನವೂ ಕಿಟಕಿ ತೆರೆದು ಮುಚ್ಚುವ ಕೈಗಳಿದ್ದರೆ ಮಾತ್ರ ಸೋರುವ ಸಂದು ಮೊದಲ ದಿನವೇ ಕಣ್ಣಿಗೆ ಬೀಳುತ್ತದೆ.

ಈ ಪರಂಪರೆಯ ಒಂದು ಕವಲು ಬೆಂಗಳೂರಿಗೂ ಬಂದಿದೆ. ಲಾಲ್‌ಬಾಗಿನ ಗಾಜಿನ ಮನೆಗೆ 1889ರ ನವೆಂಬರ್ 30ರಂದು ರಾಜಕುಮಾರ ಆಲ್ಬರ್ಟ್ ವಿಕ್ಟರ್ ಅಡಿಗಲ್ಲು ಹಾಕಿದಾಗ ಉದ್ಯಾನದ ಮೇಲ್ವಿಚಾರಕರಾಗಿದ್ದವರು ಲಂಡನ್ನಿನ ಕ್ಯೂ ಸಸ್ಯೋದ್ಯಾನದಿಂದ ಬಂದಿದ್ದ ಜಾನ್ ಕ್ಯಾಮರಾನ್. ಕಟ್ಟಡಕ್ಕೆ ಮಾದರಿ ಪ್ಯಾಕ್ಸ್‌ಟನ್ನನ ಕ್ರಿಸ್ಟಲ್ ಪ್ಯಾಲೇಸ್, ಬೀಡುಕಬ್ಬಿಣ ಗ್ಲಾಸ್ಗೋ ನಗರದ್ದು. ಆದರೆ ಇಲ್ಲಿನ ಹವೆಗೆ ಒಲೆಯೂ ಬೇಡ, ದಕ್ಷಿಣಕ್ಕೆ ಮುಖ ಮಾಡಿದ ಗೋಡೆಯೂ ಬೇಡ. ಬೆಂಗಳೂರಿನ ಸುತ್ತ ದಪ್ಪ ಮೆಣಸಿನಕಾಯಿ ಗುಲಾಬಿ ಬೆಳೆಯುವ ಪಾಲಿಹೌಸುಗಳ ರೈತರಿಗೆ ಇರುವ ಸಮಸ್ಯೆ ಶಾಖವನ್ನು ಹೊರಹಾಕುವುದು.

ಇಂಗ್ಲೆಂಡಿನಲ್ಲಿರುವ ಮಕ್ಕಳ ಮನೆಗೋ ಓದಿಗೋ ಕೆಲಸಕ್ಕೋ ಹೋದ ಕನ್ನಡಿಗರು ಇಂಥ ತೋಟಗಳನ್ನು ನೋಡಲು ಹೋದರೆ, ಗಾಜಿನ ಮನೆಯ ಒಳಗನ್ನಷ್ಟೇ ನೋಡಿ ಹಿಂತಿರುಗಬಾರದೆಂದು ನನ್ನ ಬಿನ್ನಹ. ಒಳಗೆ ಕಾಲುದಾರಿಯ ಬೀಡುಕಬ್ಬಿಣದ ಜಾಲರಿಯ ಕೆಳಗೆ ಬಿಸಿನೀರಿನ ಕೊಳವೆಗಳಿವೆಯೇ, ಮುಂಗೋಡೆಯ ಬುಡದಲ್ಲಿ ಬಳ್ಳಿಯ ಕಮಾನುಗಳಿವೆಯೇ ಎಂದು ಬಗ್ಗಿ ನೋಡಿ, ಆಮೇಲೆ ಗೋಡೆಯ ಕೊನೆಯಲ್ಲಿರುವ ಚಿಕ್ಕ ಬಾಗಿಲಿನಿಂದ ಉತ್ತರದ ಬದಿಗೆ ದಾಟಬೇಕು. ಬಾಯ್ಲರ್ ಗುಂಡಿಗೆ ಇಳಿಯುವ ಸವೆದ ಮೆಟ್ಟಿಲುಗಳು, ಅಣಬೆ ಕೋಣೆಯ ಕಲ್ಲುಹಲಗೆಗಳು, ದ್ರಾಕ್ಷಿ ಸೀಸೆಗಳ ಗೂಡುಗಳು ಇರುವುದು ಅಲ್ಲಿ. ಅವು ಬೀಗ ಹಾಕಿದ್ದರೆ ಅಲ್ಲಿನ ಮಾಲಿಯನ್ನು ಕೇಳಬಹುದು. ಬಾಯ್ಲರ್ ಎಲ್ಲಿತ್ತು ಎಂದು ವಿಚಾರಿಸುವ ಸಂದರ್ಶಕರಿಗೆ ಬೀಗ ತೆರೆದು ತೋರಿಸಲು ಅವರು ಸಾಮಾನ್ಯವಾಗಿ ಹಿಂಜರಿಯುವುದಿಲ್ಲ.